ದಾಖಲೆಯ ಬೆನ್ನು ಹತ್ತುವವರು

ಬೆಂಗಳೂರಿನಲ್ಲಿ ಗುತ್ತಿಗೆ ಕೆಲಸಕ್ಕೆ ಆಯ್ಕೆಯಾದವರನ್ನು ಮಾತಾಡಿಸಿದರೆ ಸಂಬಳದ ಸುದ್ದಿಗಿಂತ ಮೊದಲು ‘ಬಿಜಿವಿ’ಯ ಸುದ್ದಿ ಬರುತ್ತದೆ. ಇಂಟರ್‌ವ್ಯೂ ಮುಗಿದಿದೆ, ಆಫರ್ ಲೆಟರ್ ಬಂದಿದೆ, ಹಳೆಯ ಕೆಲಸ ಬಿಟ್ಟಾಗಿದೆ. ಆದರೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮುಗಿಯುವ ತನಕ ಕ್ಲೈಂಟ್ ಕಂಪನಿಯ ಐಡಿ ಕಾರ್ಡೂ ಇಲ್ಲ, ಲ್ಯಾಪ್‌ಟಾಪೂ ಇಲ್ಲ. ಕಾಯಂ ನೌಕರರನ್ನು ಎಷ್ಟೋ ಕಂಪನಿಗಳು ಮೊದಲು ಸೇರಿಸಿಕೊಂಡು ಪರಿಶೀಲನೆಯನ್ನು ಆಮೇಲೆ ಮುಗಿಸುತ್ತವೆ. ಗುತ್ತಿಗೆಯವರಿಗೆ ಆ ಅನುಕೂಲ ಕಡಿಮೆ. ಕೆಲಸ ಶುರುವಾದ ದಿನದಿಂದ ಸಂಬಳ. ಕಾಯುವ ದಿನಗಳಿಗೆ ಏನೂ ಸಿಗುವುದಿಲ್ಲ. ಎರಡು ವಾರ ತಡವಾದರೆ ಮನೆ ಬಾಡಿಗೆಗೇ ಕಷ್ಟವಾಗುತ್ತದೆ. ಆ ಸಂಕಟ ನಿಜವಾದದ್ದು, ಅದನ್ನು ಹಗುರ ಮಾಡಿ ಮಾತಾಡಬಾರದು. ಆದರೆ ಆ ವಾರಗಳಲ್ಲಿ ಆಚೆ ಬದಿಯಲ್ಲಿ ಕೂತವರು ಏನು ಮಾಡುತ್ತಿರುತ್ತಾರೆ ಎಂದು ತಿಳಿದಷ್ಟೂ ನನಗೆ ಅವರ ಮೇಲೆ ಗೌರವ ಹೆಚ್ಚಿದೆ. ಒಬ್ಬ ಮನುಷ್ಯ ತನ್ನ ಬಗ್ಗೆ ಬರೆದುಕೊಂಡ ಒಂದೆರಡು ಪುಟವನ್ನು ಹಿಡಿದು, ಆತನನ್ನು ಎಂದೋ ಮರೆತಿರುವ ಕಚೇರಿಗಳಿಂದ ‘ಹೌದು, ಇದು ನಿಜ’ ಎಂಬ ಮಾತನ್ನು ಹೊರಡಿಸಿ ತರುವ ಕಸುಬು ಅದು. ಅದರ ಬಗ್ಗೆ ಯಾರೂ ಬರೆಯುವುದಿಲ್ಲ.

ಗುತ್ತಿಗೆ ಕೆಲಸದಲ್ಲಿ ಈ ದಾರಿ ಉದ್ದವಾಗುವುದಕ್ಕೆ ಮೊದಲ ಕಾರಣ, ನಡುವೆ ಇರುವ ಕಂಪನಿಗಳು. ಕೆಲಸ ಒಂದು ಬ್ಯಾಂಕಿನ ಸಾಫ್ಟ್‌ವೇರ್ ವಿಭಾಗದಲ್ಲಿ ಎಂದುಕೊಳ್ಳಿ, ಅದು ಕ್ಲೈಂಟ್. ಆ ಬ್ಯಾಂಕಿಗೆ ಜನರನ್ನು ಒದಗಿಸುವ ಒಪ್ಪಂದ ಒಂದು ದೊಡ್ಡ ವೆಂಡರ್ ಬಳಿ. ಸಂಬಳದ ಚೀಟಿ ಕೊಡುವುದು ಅದರ ಕೆಳಗಿರುವ ಇನ್ನೊಂದು ಚಿಕ್ಕ ಕಂಪನಿ. ಏನೇನು ಪರಿಶೀಲಿಸಬೇಕು, ಎಷ್ಟು ವರ್ಷ ಹಿಂದಕ್ಕೆ ಹೋಗಬೇಕು ಎಂಬ ಪಟ್ಟಿ ಕ್ಲೈಂಟಿನದು. ಅಭ್ಯರ್ಥಿಯಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ ಕಾಗದ ಸೇರಿಸುವುದು ಚಿಕ್ಕ ಕಂಪನಿಯ ಕೆಲಸ. ಪರಿಶೀಲನೆ ಮಾಡುವುದು ಇವರ್ಯಾರೂ ಅಲ್ಲದ ನಾಲ್ಕನೆಯ ಸಂಸ್ಥೆ. ಒಂದು ಅಂಕಪಟ್ಟಿಯ ಹಿಂಬದಿ ಸ್ಕ್ಯಾನ್ ಆಗಿಲ್ಲ ಎಂಬ ಸಣ್ಣ ಪ್ರಶ್ನೆಯೂ ನಾಲ್ಕನೆಯವರಿಂದ ಹೊರಟು ಎರಡು ಮೆಟ್ಟಿಲು ಇಳಿದು ಅಭ್ಯರ್ಥಿಯನ್ನು ಮುಟ್ಟಿ, ಅದೇ ಮೆಟ್ಟಿಲು ಹತ್ತಿ ವಾಪಸ್ ಬರಬೇಕು. ಈ ಕಸುಬಿನವರು ಅದನ್ನು ‘ಇನ್‌ಸಫ್’ ಎನ್ನುತ್ತಾರೆ, ಅಂದರೆ ಕಾಗದ ಸಾಲದು ಎಂದು. ತಡವಾದ ಕೇಸುಗಳಲ್ಲಿ ಬಹಳಷ್ಟು ದಿನಗಳನ್ನು ನುಂಗುವುದು ಈ ಏರಿಳಿತವೇ. ಅದು ಮುಗಿಯುವವರೆಗೆ ನಿಜವಾದ ಪರಿಶೀಲನೆ ಶುರುವೇ ಆಗಿರುವುದಿಲ್ಲ.

ಇನ್ನೊಂದು ಕಾರಣ ಇನ್ನೂ ಸೂಕ್ಷ್ಮ. ಗುತ್ತಿಗೆಯವರು ರೆಸ್ಯೂಮೆಯಲ್ಲಿ ಬರೆಯುವುದು ಕೂತು ಕೆಲಸ ಮಾಡಿದ ಜಾಗದ ಹೆಸರನ್ನು. ಅದರಲ್ಲಿ ತಪ್ಪೇನೂ ಇಲ್ಲ; ಎರಡು ವರ್ಷ ಆ ಬ್ಯಾಂಕಿನ ಮಹಡಿಯಲ್ಲೇ ದುಡಿದಿರುತ್ತಾರೆ. ಆದರೆ ಬ್ಯಾಂಕಿನ ಎಚ್‌ಆರ್ ವಿಭಾಗಕ್ಕೆ ಬರೆದು ಕೇಳಿದರೆ ‘ಈ ಹೆಸರಿನ ನೌಕರರು ನಮ್ಮಲ್ಲಿಲ್ಲ’ ಎಂಬ ಉತ್ತರ ಬರುತ್ತದೆ. ಅದೂ ಸತ್ಯವೇ. ಅವರ ಪೇರೋಲ್ ಪಟ್ಟಿಯಲ್ಲಿ ಈ ಹೆಸರು ಎಂದೂ ಇರಲಿಲ್ಲ. ಎರಡು ಸತ್ಯಗಳು ಎದುರಾದ ಈ ಜಾಗದಲ್ಲಿ ಅವಸರದ ಪರಿಶೀಲಕರು ‘ವ್ಯತ್ಯಾಸ ಕಂಡಿದೆ’ ಎಂದು ಬರೆದು ಕೇಸ್ ಮುಚ್ಚಬಹುದು. ನುರಿತವರು ಮುಚ್ಚುವುದಿಲ್ಲ. ಸಂಬಳದ ಚೀಟಿ ತರಿಸುತ್ತಾರೆ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಂಬಳ ಯಾರ ಹೆಸರಿನಿಂದ ಜಮೆಯಾಗಿದೆ ಎಂದು ನೋಡುತ್ತಾರೆ, ಫಾರ್ಮ್ 26ಎಎಸ್‌ನಲ್ಲಿ ಟಿಡಿಎಸ್ ಕಟ್ಟಿದ ಕಂಪನಿ ಯಾವುದು ಎಂದು ಓದುತ್ತಾರೆ, ಆಮೇಲೆ ಆ ಚಿಕ್ಕ ಕಂಪನಿಯನ್ನು ಹುಡುಕಿಕೊಂಡು ಹೊರಡುತ್ತಾರೆ. ಆರಾರು ತಿಂಗಳ ನಾಲ್ಕು ಗುತ್ತಿಗೆ ಮಾಡಿದವರಿದ್ದರೆ ಈ ಹುಡುಕಾಟ ನಾಲ್ಕು ಸಲ. ಒಂದೇ ಕಂಪನಿಯಲ್ಲಿ ಹತ್ತು ವರ್ಷ ಇದ್ದವರ ಕೇಸು ಬೇಗ ಮುಗಿದು, ಮೂರು ವರ್ಷ ಗುತ್ತಿಗೆ ಮಾಡಿದವರದು ನಿಲ್ಲುವುದು ಹೀಗೆ.

ಕಾಗದ ಓದುವ ಕಲೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಎಕ್ಸ್‌ಪೀರಿಯೆನ್ಸ್ ಲೆಟರ್ ಎಂಬ ಅರ್ಧ ಪುಟದಲ್ಲಿ ನಮಗೆ ಕಾಣುವುದು ಹೆಸರು, ಹುದ್ದೆ, ತಾರೀಖು. ಪಳಗಿದ ಕಣ್ಣು ಮೊದಲು ಹೋಗುವುದು ಲೆಟರ್‌ಹೆಡ್ಡಿನ ಅಂಚಿಗೆ. ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. 2015ರ ತಾರೀಖಿರುವ ಪತ್ರದ ತಳದಲ್ಲಿ ಜಿಎಸ್‌ಟಿ ಸಂಖ್ಯೆ ಇದ್ದರೆ ಆ ಕಾಗದ 2015ರಲ್ಲಿ ಹುಟ್ಟಿದ್ದಲ್ಲ. ನಮ್ಮ ಊರಿನ ಹೆಸರು ಅಧಿಕೃತವಾಗಿ ಇಂಗ್ಲಿಷಿನಲ್ಲೂ ಬೆಂಗಳೂರು ಆದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಪತ್ರದ ವಿಳಾಸದಲ್ಲಿ ಹೊಸ ಕಾಗುಣಿತ ಕಂಡರೆ ಅದು ಸಾಕ್ಷಿಯಲ್ಲ, ಆದರೆ ಇನ್ನೊಮ್ಮೆ ನೋಡಲು ಕಾರಣ. ಕಂಪನಿಯ ಜಾಲತಾಣದ ವಿಳಾಸ ನೋಂದಾಯಿಸಿದ ತಾರೀಖು ಯಾರು ಬೇಕಾದರೂ ನೋಡಬಹುದಾದ ದಾಖಲೆ. ಕಂಪನಿಯೇ ಹುಟ್ಟಿದ್ದು ಯಾವಾಗ ಎಂಬುದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿದೆ. ದುಡ್ಡು ತೆಗೆದುಕೊಂಡು ಅನುಭವದ ಪತ್ರ ಮಾರುವ ಜಾಲಗಳು ನಮ್ಮ ನಗರಗಳಲ್ಲಿ ಇರುವುದರಿಂದ ಈ ಓದು ಬೇಕೇ ಬೇಕು. ಆ ಪತ್ರಗಳಲ್ಲಿ ಫೋನ್ ನಂಬರೂ ಇರುತ್ತದೆ, ಕರೆ ಮಾಡಿದರೆ ಎತ್ತಿ ‘ಹೌದು, ನಮ್ಮಲ್ಲೇ ಇದ್ದರು’ ಎನ್ನಲು ಒಬ್ಬರು ಕೂತಿರುತ್ತಾರೆ. ಅದಕ್ಕೇ ಈ ಕಸುಬಿನ ಹಿರಿಯರು ಹೊಸಬರಿಗೆ ಕಲಿಸುವ ಮೊದಲ ಪಾಠ: ಪತ್ರದಲ್ಲಿರುವ ನಂಬರಿಗೆ ಕರೆ ಮಾಡಬೇಡಿ, ಕಂಪನಿಯ ನಂಬರನ್ನು ಬೇರೆ ಕಡೆಯಿಂದ ನೀವೇ ಹುಡುಕಿ.

ಕೇಳುವುದರಲ್ಲೂ ಕೌಶಲ ಇದೆ. ‘ಇವರು 2019ರಿಂದ 2022ರ ತನಕ ನಿಮ್ಮಲ್ಲಿದ್ದರಲ್ಲವೇ?’ ಎಂದು ಕೇಳಿದರೆ ಅವಸರದಲ್ಲಿರುವ ಎಚ್‌ಆರ್‌ನವರು ಹೂಂ ಅಂದುಬಿಡುತ್ತಾರೆ. ‘ಯಾವಾಗ ಸೇರಿದರು, ಯಾವಾಗ ಬಿಟ್ಟರು?’ ಎಂದು ಕೇಳಿದರೆ ಅವರು ದಾಖಲೆ ತೆಗೆದು ನೋಡಲೇಬೇಕು. ಆ ನೋಡುವ ಕೆಲಸಕ್ಕೆ ಪುರುಸೊತ್ತು ಸಿಗುವುದು ತಿಂಗಳ ಕೊನೆಯ ಸಂಬಳದ ಗಡಿಬಿಡಿ ಕಳೆದ ಮೇಲೆ. ದಸರಾ, ದೀಪಾವಳಿ, ವರ್ಷದ ಕೊನೆಯ ರಜೆಗಳಲ್ಲಿ ಉತ್ತರಗಳು ಇನ್ನೂ ನಿಧಾನ. ಹಳೆಯ ಕಂಪನಿಯವರಿಗೆ ಇದರಿಂದ ಯಾವ ಲಾಭವೂ ಇಲ್ಲ. ಬಿಟ್ಟುಹೋದವರ ಬಗ್ಗೆ ಮತ್ತೊಬ್ಬರಿಗೆ ಉತ್ತರ ಬರೆಯುವುದು ಅವರ ಪಟ್ಟಿಯಲ್ಲಿ ಕೊನೆಯ ಕೆಲಸ. ಅವರನ್ನು ಮತ್ತೆ ಮತ್ತೆ ನೆನಪಿಸಬೇಕು, ಆದರೆ ಕಿರಿಕಿರಿ ಮಾಡಬಾರದು. ನಾಳೆ ಇನ್ನೊಬ್ಬ ಅಭ್ಯರ್ಥಿಗಾಗಿ ಅದೇ ಮನುಷ್ಯರ ಬಳಿ ಹೋಗಬೇಕಲ್ಲ.

ಆ ಹಳೆಯ ಕಂಪನಿಯೇ ಇಲ್ಲದಿದ್ದರೆ? ಇಲ್ಲಿ ಈ ಜನ ನಮ್ಮ ಐಟಿ ಉದ್ಯಮದ ಚರಿತ್ರಕಾರರಾಗುತ್ತಾರೆ. ಪಟ್ನಿ ಕಂಪ್ಯೂಟರ್ಸ್‌ನಲ್ಲಿ ದುಡಿದವರ ದಾಖಲೆ ಈಗ ಎಲ್ಲಿ? 2011ರಲ್ಲಿ ಪಟ್ನಿಯನ್ನು ಐಗೇಟ್ ಕೊಂಡಿತು, 2015ರಲ್ಲಿ ಐಗೇಟನ್ನು ಕ್ಯಾಪ್‌ಜೆಮಿನಿ ಕೊಂಡಿತು. ಸತ್ಯಂ ಕಂಪನಿಯ ಹಗರಣ 2009ರ ಜನವರಿಯಲ್ಲಿ ಹೊರಬಿದ್ದು, ಅದು ಮಹೀಂದ್ರ ಸತ್ಯಂ ಆಗಿ, 2013ರಲ್ಲಿ ಟೆಕ್ ಮಹೀಂದ್ರದಲ್ಲಿ ಸೇರಿಹೋಯಿತು. ಬೆಂಗಳೂರಿನಲ್ಲೇ ಬೆಳೆದ ಮೈಂಡ್‌ಟ್ರೀ 2022ರಲ್ಲಿ ಎಲ್‌ಟಿಐ ಮೈಂಡ್‌ಟ್ರೀ ಆಯಿತು. ಹೊಲದ ಪಹಣಿ ಹಿಡಿದು ಮ್ಯುಟೇಶನ್‌ಗಳನ್ನು ಒಂದೊಂದಾಗಿ ಹಿಂದಕ್ಕೆ ಓದುವ ಹಾಗೆ ಇವರು ಕಂಪನಿಗಳ ವಂಶಾವಳಿ ಓದುತ್ತಾರೆ. ವಾರಸುದಾರರೇ ಇಲ್ಲದ ಕೇಸೂ ಇದೆ. ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ಅಂಥ ಕಡೆ ರಿಲೀವಿಂಗ್ ಲೆಟರ್ ಕೊಡುವವರು ಯಾರು, ಆಮೇಲೆ ಅದನ್ನು ದೃಢೀಕರಿಸುವವರು ಯಾರು?

ಹೀಗೆ ಬಾಗಿಲು ಮುಚ್ಚಿದಲ್ಲಿ ಭವಿಷ್ಯ ನಿಧಿಯ ದಾಖಲೆ ಕೈಹಿಡಿಯುತ್ತದೆ. 2014ರಲ್ಲಿ ಯುಎಎನ್ ಬಂದ ಮೇಲೆ ಒಬ್ಬರ ಎಲ್ಲ ಪಿಎಫ್ ಖಾತೆಗಳೂ ಒಂದೇ ಹನ್ನೆರಡು ಅಂಕಿಯ ಸಂಖ್ಯೆಯ ಕೆಳಗೆ ಸೇರತೊಡಗಿದವು. ಎಲ್ಲಿ ಸೇರಿದರು, ಯಾವಾಗ ಬಿಟ್ಟರು ಎಂಬುದು ಅಲ್ಲಿ ಸಾಲಾಗಿ ಕಾಣುತ್ತದೆ. ಆದರೆ ಆ ಸಾಲುಗಳನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ, ಮತ್ತು ನನ್ನ ಲೆಕ್ಕದಲ್ಲಿ ಇಡೀ ಕಸುಬಿನ ಮರ್ಯಾದೆ ನಿಂತಿರುವುದು ಇಲ್ಲೇ. ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಗೆ ಪಿಎಫ್ ಕಡ್ಡಾಯವಲ್ಲ. ಮೂಲವೇತನ 15,000 ರೂಪಾಯಿ ದಾಟಿ, ಹಿಂದೆ ಎಂದೂ ಪಿಎಫ್ ಸದಸ್ಯರಾಗಿರದವರು ಹೊರಗಿರಬಹುದಿತ್ತು. ಹಾಗಾಗಿ ಪಿಎಫ್ ಇಲ್ಲ ಎಂದ ಮಾತ್ರಕ್ಕೆ ಕೆಲಸವೇ ಇರಲಿಲ್ಲ ಎಂದಾಗುವುದಿಲ್ಲ. ಇನ್ನು ಹಳೆಯ ಕಂಪನಿ ಬಿಟ್ಟ ತಾರೀಖನ್ನು ನಮೂದಿಸದೆ ಬಿಟ್ಟರೆ, ಆ ಮನುಷ್ಯ ಇನ್ನೂ ಅಲ್ಲೇ ಇದ್ದಾರೆ ಎಂದು ದಾಖಲೆ ಹೇಳುತ್ತದೆ. ಒಂದೇ ಹೊತ್ತಿಗೆ ಎರಡು ಕಡೆ ಸಂಬಳ ಪಡೆಯುವ ಬಗ್ಗೆ ಕಂಪನಿಗಳು ಇನ್ನಷ್ಟು ಎಚ್ಚರವಾದದ್ದು 2022ರಲ್ಲಿ, ವಿಪ್ರೋ ಅಂಥ 300 ಮಂದಿಯನ್ನು ತೆಗೆದುಹಾಕಿದೆ ಎಂದು ಆ ಕಂಪನಿಯ ಅಧ್ಯಕ್ಷ ರಿಷದ್ ಪ್ರೇಮ್‌ಜಿ ಬಹಿರಂಗವಾಗಿ ಹೇಳಿದ ಮೇಲೆ. ಅಲ್ಲಿಂದ ಈಚೆಗೆ ಖಾಲಿ ಉಳಿದ ಆ ಒಂದು ತಾರೀಖು ಅಮಾಯಕರನ್ನೂ ಅನುಮಾನಕ್ಕೆ ಎಳೆಯಬಲ್ಲದು. ಕೊನೆಯ ವಂತಿಗೆ ಯಾವ ತಿಂಗಳದು ಎಂದು ಪಾಸ್‌ಬುಕ್ ತೆರೆದು ನೋಡಿದರೆ ಸತ್ಯ ಅಲ್ಲೇ ಇದೆ. ಆ ಪುಟ ತೆರೆದು ನೋಡುವ ತಾಳ್ಮೆ ಒಬ್ಬರ ಅನ್ನವನ್ನು ಉಳಿಸುತ್ತದೆ.

ಹೆಸರಿನ ಗೊಂದಲ ಕನ್ನಡಿಗರ ಕೇಸುಗಳಲ್ಲಿ ವಿಶೇಷ. ಊರಿನ ಶಾಲೆಯಲ್ಲಿ ಮೇಷ್ಟ್ರು ‘ಕೆ. ಎನ್. ಮಂಜುನಾಥ’ ಎಂದು ಬರೆದರು. ‘ಕೆ’ ಅಂದರೆ ಊರು, ‘ಎನ್’ ಅಂದರೆ ತಂದೆ ನಂಜಪ್ಪ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದೇ ಉಳಿಯಿತು. ಪಾನ್ ಕಾರ್ಡಿನ ಅರ್ಜಿಯಲ್ಲಿ ಮೊದಲ ಹೆಸರಿಗೂ ಕೊನೆಯ ಹೆಸರಿಗೂ ಇನಿಷಿಯಲ್ ನಡೆಯುವುದಿಲ್ಲ, ಅಲ್ಲಿ ‘ಮಂಜುನಾಥ ನಂಜಪ್ಪ’ ಆದರು. ಪಾಸ್‌ಪೋರ್ಟಿನಲ್ಲಿ ಊರೂ ಬಿಡಿಸಿಕೊಂಡು ಹೆಸರು ಮೂರು ಪದವಾಯಿತು. ಆಧಾರ್‌ನಲ್ಲಿ ಇನಿಷಿಯಲ್ ಹಿಂದಕ್ಕೆ ಹೋಯಿತು. ಉತ್ತರ ಕರ್ನಾಟಕದ ಕಡೆ ಅಡ್ಡಹೆಸರು ಇದೆ, ಆದರೆ ಹಿರೇಮಠ, ಬಡಿಗೇರ ಎಂಬುದು ಹಳೆಯ ದಾಖಲೆಗಳಲ್ಲಿ ಮೊದಲೂ ಬರುತ್ತದೆ, ಕೊನೆಗೂ ಬರುತ್ತದೆ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡ ಹೆಣ್ಣುಮಕ್ಕಳ ಕಾಗದಗಳಲ್ಲಿ ಇನ್ನೊಂದು ಪದರ. ಇದರ ಮೇಲೆ ಇಂಗ್ಲಿಷ್ ಕಾಗುಣಿತ: ಕೊನೆಗೆ ‘ಎ’ ಇದೆಯೋ ಇಲ್ಲವೋ, ‘ಟಿಎಚ್’ ಹೌದೋ ಬರೀ ‘ಟಿ’ಯೋ, ಲಕ್ಷ್ಮಿಯಲ್ಲಿ ‘ಎಕ್ಸ್’ ಬಂದಿದೆಯೋ ‘ಕೆಎಸ್‌ಎಚ್’ ಬಂದಿದೆಯೋ. ಯಂತ್ರ ಅಕ್ಷರ ಹೊಂದಿಸಿ ನೋಡಿ ‘ತಾಳೆಯಾಗಿಲ್ಲ’ ಎನ್ನುತ್ತದೆ. ನಮ್ಮ ನಾಡಿನ ಹೆಸರಿಡುವ ರೀತಿ ಗೊತ್ತಿರುವವರು ಹುಟ್ಟಿದ ತಾರೀಖು, ತಂದೆಯ ಹೆಸರು ಸೇರಿಸಿ ಓದಿ ಇದು ಒಬ್ಬರೇ ಎನ್ನುತ್ತಾರೆ. ಅವರಿಗೆ ಸಣ್ಣ ಆಧಾರಗಳೂ ಗೊತ್ತು. ಪಾನ್ ಸಂಖ್ಯೆಯ ಐದನೆಯ ಅಕ್ಷರ ಕೊನೆಯ ಹೆಸರಿನ ಮೊದಲ ಅಕ್ಷರ. ಅಲ್ಲಿ ‘ಎನ್’ ಇದ್ದರೆ ನಂಜಪ್ಪನವರು ಆ ಸಂಖ್ಯೆಯೊಳಗೇ ಕೂತಿದ್ದಾರೆ. ಗುರ್ಗಾಂವ್‌ನಲ್ಲೋ ಮುಂಬೈಯಲ್ಲೋ ಕೂತು ಕೇಸ್ ನೋಡುವವರಿಗೆ ಇನಿಷಿಯಲ್‌ನ ಈ ಸಂಪ್ರದಾಯ ವಿವರಿಸುವುದೇ ಒಂದು ದಿನದ ಕೆಲಸವಾಗುವುದುಂಟು.

ವಿಶ್ವವಿದ್ಯಾಲಯಗಳದು ಇನ್ನೊಂದು ಲೋಕ. ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಶುರುವಾದದ್ದು 1998ರಲ್ಲಿ. ಅದಕ್ಕೂ ಮೊದಲು ಎಂಜಿನಿಯರಿಂಗ್ ಓದಿದವರ ದಾಖಲೆ ಆಯಾ ಪ್ರದೇಶದ ಹಳೆಯ ವಿಶ್ವವಿದ್ಯಾಲಯದಲ್ಲಿದೆ: ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಓದಿದವರದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಕಲಬುರಗಿಯ ಪಿಡಿಎ ಕಾಲೇಜಿನವರದು ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ. ಕಾಲೇಜಿಗೆ ಬರೆದರೆ ಕಾಲೇಜು ವಿಟಿಯು ಕಡೆ ತೋರಿಸುತ್ತದೆ, ವಿಟಿಯು ‘ನಮ್ಮದಲ್ಲ’ ಎನ್ನುತ್ತದೆ. ಈ ಚರಿತ್ರೆ ತಿಳಿದವರು ನೇರವಾಗಿ ಸರಿಯಾದ ಬಾಗಿಲಿಗೆ ಹೋಗುತ್ತಾರೆ. ಅಲ್ಲಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ, ಮೌಲ್ಯಮಾಪನ ಕುಲಸಚಿವರ ಕಚೇರಿಯ ಗುಮಾಸ್ತರೊಬ್ಬರು ದಪ್ಪ ಲೆಡ್ಜರ್ ಇಳಿಸಿ, ರಿಜಿಸ್ಟರ್ ನಂಬರ್ ಹಿಡಿದು, ಆ ವರ್ಷದ ಆ ಪುಟಕ್ಕೆ ಬೆರಳಿಟ್ಟು ಅಂಕಗಳನ್ನು ತಾಳೆ ನೋಡುತ್ತಾರೆ. ಪರೀಕ್ಷೆ, ಮರುಮೌಲ್ಯಮಾಪನ, ಘಟಿಕೋತ್ಸವದ ತಿಂಗಳುಗಳಲ್ಲಿ ಅದೇ ಗುಮಾಸ್ತರ ಮೇಜಿನ ಮೇಲೆ ಸಾವಿರಾರು ಈಗಿನ ವಿದ್ಯಾರ್ಥಿಗಳ ಕೆಲಸ ಇರುತ್ತದೆ. ಡಿಜಿಲಾಕರ್ 2015ರಲ್ಲಿ ಬಂತು, ಹೊಸ ಅಂಕಪಟ್ಟಿಗಳು ಅಲ್ಲೇ ಸಿಗುತ್ತವೆ, ಚಿಕ್ಕ ವಯಸ್ಸಿನವರ ಪರಿಶೀಲನೆ ಈಗ ಗಂಟೆಗಳಲ್ಲಿ ಮುಗಿಯುತ್ತದೆ. ನಲವತ್ತೈದು ದಾಟಿದವರಿಗೆ ಇನ್ನೂ ಆ ಲೆಡ್ಜರೇ ಗತಿ. ಇಷ್ಟು ವರ್ಷ ಆ ಪುಟಗಳನ್ನು ಗೆದ್ದಲಿಗೆ ಬಿಡದೆ ಕಾಪಾಡಿದವರಿಗೂ ಈ ಕಸುಬಿನಲ್ಲಿ ಪಾಲಿದೆ.

ವಿಳಾಸ ನೋಡಲು ಹೋಗುವವರು ಬೈಕಿನ ಮೇಲೆ ಊರು ಸುತ್ತುವ ಹುಡುಗರು. ಒಂದೊಂದು ಮನೆಗೆ ಇಷ್ಟು ಎಂದು ಅವರಿಗೆ ಹಣ. ಬೆಂಗಳೂರಿನಲ್ಲಿ ಮೇನು, ಕ್ರಾಸು, ಬ್ಲಾಕು, ಸ್ಟೇಜು ಎಲ್ಲವೂ ಇದ್ದರೂ ಮನೆ ನಂಬರುಗಳು ಸಾಲಾಗಿ ಇರುವುದಿಲ್ಲ. ಒಂದೇ ಗೇಟಿನ ಮೇಲೆ ಹಳೇ ನಂಬರ್, ಹೊಸ ನಂಬರ್ ಎರಡೂ ಇರುತ್ತವೆ. ಪಿಜಿಯಲ್ಲಿದ್ದವರು ಜಾಗ ಬಿಟ್ಟು ವರ್ಷವಾಗಿರುತ್ತದೆ, ಮಾಲೀಕರಿಗೆ ಅಪರಿಚಿತರ ಮುಂದೆ ಬಾಯಿ ಬಿಡಲು ಮನಸ್ಸಿರುವುದಿಲ್ಲ. ‘ಅಮ್ಮಾ, ಕೆಲಸದ ವಿಚಾರ, ಪೊಲೀಸ್ ಕೇಸಲ್ಲ’ ಎಂದು ಮೊದಲ ಮಾತಿನಲ್ಲೇ ಹೇಳಿ ನಂಬಿಕೆ ಗಳಿಸುವವರಿಗೆ ಉತ್ತರ ಸಿಗುತ್ತದೆ. ಹಳ್ಳಿಯ ಖಾಯಂ ವಿಳಾಸದಲ್ಲಿ ಮನೆ ನಂಬರೇ ಇರುವುದಿಲ್ಲ. ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು ಅಷ್ಟೆ. ಅಲ್ಲಿ ಬಲ್ಲವರು ಮೊದಲು ಅಂಚೆಯಣ್ಣನನ್ನು ಹುಡುಕುತ್ತಾರೆ. ಇತ್ತೀಚೆಗೆ ಅಭ್ಯರ್ಥಿಯ ಮೊಬೈಲಿಗೇ ಲಿಂಕ್ ಕಳಿಸಿ, ಜಿಪಿಎಸ್ ಸಮೇತ ಮನೆಯ ಫೋಟೋ ತರಿಸಿಕೊಳ್ಳುವ ಕ್ರಮ ಹೆಚ್ಚಿದೆ. ಅದು ಬೇಗ ಆಗುತ್ತದೆ.

ನ್ಯಾಯಾಲಯದ ದಾಖಲೆ ನೋಡುವಾಗ ತಪ್ಪಾದರೆ ಒಬ್ಬರ ಬದುಕಿಗೇ ಕಲೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರು ಹಾಕಿ ಹುಡುಕಬಹುದು, ಆದರೆ ವರ್ಷ ನಮೂದಿಸಬೇಕು. ಅಂದರೆ ಒಂದೊಂದು ನ್ಯಾಯಾಲಯ ಸಂಕೀರ್ಣ, ಒಂದೊಂದು ವರ್ಷ, ಹೆಸರಿನ ಒಂದೊಂದು ಕಾಗುಣಿತ. ಮಂಜುನಾಥ ಎಂದು ಹಾಕಿದರೆ ಬರುವ ಸಾಲುಗಳಿಗೆ ಕೊನೆಯಿಲ್ಲ. ಅದನ್ನು ಬಿಡಿಸುವುದಕ್ಕೆ ಈ ಕೆಲಸಕ್ಕೆಂದೇ ಇರುವ ವಕೀಲರು ದೂರಿನ ಪ್ರತಿಯವರೆಗೂ ಹೋಗುತ್ತಾರೆ. ನಮ್ಮ ಕನ್ನಡ ದಾಖಲೆಗಳಲ್ಲಿ ‘ಮಂಜುನಾಥ ಬಿನ್ ನಂಜಪ್ಪ, ಸುಮಾರು 35 ವರ್ಷ, ವ್ಯವಸಾಯ, ಇಂಥ ಗ್ರಾಮ’ ಎಂದು ತಂದೆಯ ಹೆಸರು, ವಯಸ್ಸು, ಕಸುಬು, ಊರು ಒಂದೇ ಸಾಲಿನಲ್ಲಿ ಇರುತ್ತವೆ. ಹೆಂಗಸರಿಗೆ ‘ಕೋಂ’ ಎಂದು ಗಂಡನ ಹೆಸರು. ಆ ಹಳೆಯ ಬರವಣಿಗೆಯ ಕ್ರಮ ಇವತ್ತು ಸಾಫ್ಟ್‌ವೇರ್ ಎಂಜಿನಿಯರೊಬ್ಬರನ್ನು ಅದೇ ಹೆಸರಿನ ಆರೋಪಿಯಿಂದ ಬೇರ್ಪಡಿಸಿ ಕಾಪಾಡುತ್ತದೆ. ಕೆಲವು ಕ್ಲೈಂಟುಗಳು ಪೊಲೀಸರ ಪ್ರಮಾಣಪತ್ರವೇ ಬೇಕೆನ್ನುತ್ತವೆ. ಕರ್ನಾಟಕದಲ್ಲಿ ಅದಕ್ಕೆ ಸೇವಾ ಸಿಂಧು ಪೋರ್ಟಲ್ ಮೂಲಕ ಅರ್ಜಿ ಹಾಕಬೇಕು, ಸ್ಥಳೀಯ ಠಾಣೆಯ ವರದಿ ಬರುವ ತನಕ ಕಾಯಬೇಕು.

ಅಮೆರಿಕದಲ್ಲಿ ಗುತ್ತಿಗೆ ಮೇಲೆ ದುಡಿಯುವ ನಮ್ಮವರ ಕಷ್ಟ ಬೇರೆ ರೂಪದ್ದು. ಅಲ್ಲಿ 3,000ಕ್ಕೂ ಹೆಚ್ಚು ಕೌಂಟಿಗಳು, ಬಹುಪಾಲು ಅಪರಾಧ ದಾಖಲೆ ಕೌಂಟಿ ನ್ಯಾಯಾಲಯದಲ್ಲಿ. 2021ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯವೊಂದು, ಹುಟ್ಟಿದ ತಾರೀಖು ಹಾಕಿ ಕ್ರಿಮಿನಲ್ ಸೂಚಿಯಲ್ಲಿ ಹುಡುಕಲು ಸಾರ್ವಜನಿಕರಿಗೆ ಅವಕಾಶ ಕೊಡಬಾರದು ಎಂದು ತೀರ್ಪು ಕೊಟ್ಟಿತು. ಖಾಸಗಿತನದ ದೃಷ್ಟಿಯಿಂದ ಅದಕ್ಕೆ ಕಾರಣಗಳಿವೆ. ಆದರೆ ಸಾಮಾನ್ಯ ಹೆಸರಿನವರ ಪರಿಶೀಲನೆ ಅಲ್ಲಿ ನಿಧಾನವಾಯಿತು. ಅದೇ ದೇಶದ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆ್ಯಕ್ಟ್ ಒಂದು ಒಳ್ಳೆಯ ಕಟ್ಟಳೆ ಹಾಕಿದೆ: ವರದಿ ನೋಡಿ ಕೆಲಸ ನಿರಾಕರಿಸುವ ಮುನ್ನ ಅದರ ಪ್ರತಿಯನ್ನು ಅಭ್ಯರ್ಥಿಯ ಕೈಗೆ ಕೊಡಬೇಕು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ನಮ್ಮ ಬಗ್ಗೆ ಇರುವ ತಪ್ಪು ಮಾಹಿತಿಯನ್ನು ತಿದ್ದಿಸುವ ಹಕ್ಕನ್ನು ಹೇಳಿದೆ. ವರದಿಯ ಪ್ರತಿಯನ್ನು ತಾವಾಗಿಯೇ ಕೊಡುವ ಪದ್ಧತಿ ಇಲ್ಲಿಯೂ ಬರಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಗೆ ವರದಿ. ಹಸಿರು ಅಂದರೆ ಎಲ್ಲ ಸರಿ, ಕೆಂಪು ಅಂದರೆ ಸುಳ್ಳು ಕಂಡಿದೆ. ಇವೆರಡರ ನಡುವೆ ಹಳದಿ ಇದೆ: ಪರಿಶೀಲಿಸಲು ಆಗಲಿಲ್ಲ. ಈ ಹಳದಿಯನ್ನು ಬರೆಯುವುದೇ ಅತ್ಯಂತ ಕಷ್ಟದ ಬರವಣಿಗೆ. ಕಂಪನಿ ಮುಚ್ಚಿದೆ, ಯಾವ ಯಾವ ದಿನ ಯಾರಿಗೆ ಬರೆದೆವು, ಯಾರಿಗೆ ಕರೆ ಮಾಡಿದೆವು, ಬದಲಿಗೆ ಪಿಎಫ್ ಪಾಸ್‌ಬುಕ್, ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್ ಏನು ಹೇಳುತ್ತವೆ ಎಂದು ಒಂದೂ ಬಿಡದೆ ಬರೆದರೆ, ಕ್ಲೈಂಟಿನ ಕಡೆಯವರು ಅದನ್ನು ಓದಿ ಒಪ್ಪಿಗೆ ಕೊಡಬಲ್ಲರು. ಅರ್ಧ ಸಾಲಿನಲ್ಲಿ ‘ಉತ್ತರ ಬಂದಿಲ್ಲ’ ಎಂದು ಬರೆದರೆ ಅದೇ ಮನುಷ್ಯ ಕೆಲಸ ಕಳೆದುಕೊಳ್ಳಬಹುದು. ಸಿಗದೇ ಹೋದದ್ದನ್ನು ಸುಳ್ಳು ಎಂದು ಬರೆಯದಿರುವುದಕ್ಕೆ ಬೇಕಾದ ಸಮಯವೂ ಆ ತಡದಲ್ಲಿ ಸೇರಿದೆ.

ಕಾಯುತ್ತಿರುವವರು ಎಚ್‌ಆರ್‌ಗೆ ಫೋನ್ ಮಾಡಿದಾಗ ‘ಯಾಕೆ ತಡ?’ ಎಂದು ಕೇಳುವುದಕ್ಕಿಂತ ‘ಯಾವ ಚೆಕ್ ಬಾಕಿ ಇದೆ, ಇನ್‌ಸಫ್ ಏನಾದರೂ ಎತ್ತಿದ್ದಾರಾ?’ ಎಂದು ಕೇಳುವುದು ಒಳ್ಳೆಯದು. ಆ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ, ಮತ್ತು ಬಹಳ ಸಲ ಉತ್ತರ ನಮ್ಮ ಕೈಯಲ್ಲೇ ಇರುವ ಒಂದು ಕಾಗದ. ಗುತ್ತಿಗೆ ಬಿಡುವ ಪ್ರತಿ ಸಲವೂ ಪೇರೋಲ್ ಕಂಪನಿಯ ಪೂರ್ತಿ ಹೆಸರು, ಕ್ಲೈಂಟಿನ ಹೆಸರು, ಎಚ್‌ಆರ್‌ನ ಅಧಿಕೃತ ಇ-ಮೇಲ್ ವಿಳಾಸ, ಕೊನೆಯ ಮೂರು ಸಂಬಳದ ಚೀಟಿ, ರಿಲೀವಿಂಗ್ ಲೆಟರ್ ಇಷ್ಟನ್ನು ಒಂದು ಕಡೆ ಇಟ್ಟುಕೊಳ್ಳಬೇಕು. ಕಂಪನಿ ಮುಚ್ಚಿದ ಮೇಲೆ ಅವು ಸಿಗುವುದಿಲ್ಲ. ರೆಸ್ಯೂಮೆಯಲ್ಲಿ ಕ್ಲೈಂಟಿನ ಹೆಸರಿನ ಪಕ್ಕದಲ್ಲೇ ಸಂಬಳ ಕೊಟ್ಟ ಕಂಪನಿಯ ಹೆಸರನ್ನೂ ಬರೆಯಬೇಕು. ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಇಪಿಎಫ್‌ಒ ಪೋರ್ಟಲ್ ತೆರೆದು, ಕಂಪನಿ ಬಿಟ್ಟ ತಾರೀಖು ಹಾಕಿದೆಯೇ ನೋಡಿ, ಹಾಕಿಲ್ಲದಿದ್ದರೆ ನಾವೇ ಹಾಕಬಹುದು.